ಖಂಡೇನವಮಿಯ ದಿನ ಮುಟ್ಟಬಾರದ ಯಂತ್ರ

ಗೆಳೆಯರೇ, ಜತ್ತದ ನಮ್ಮ ಕಾಲನಿಯ ಗುರುಪಾದಕಾಕಾ ಇವತ್ತು ತೀರಿಕೊಂಡರು. ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನು ಎಲ್ಲರ ಬೆನ್ನುಹತ್ತಿ ಕಾಲನಿಗೆ ತರಿಸಿದವರೇ ಅವರು. ಇವತ್ತು ಖಂಡೇನವಮಿ, ಆಯುಧಪೂಜೆ. ಬೆಳಿಗ್ಗೆ ಕುಡಗೋಲು, ಹೊಲಿಗೆ ಮಶೀನುಗಳ ಜೊತೆ ಅದಕ್ಕೂ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, "ನಾಳಿ ತನಕಾ ಯಾರೂ ಮುಟ್ಟಬ್ಯಾಡ್ರಿ" ಅಂದಿದ್ದರು.

ಮಧ್ಯಾಹ್ನ ಅವರೇ ಅಂಗಳದಲ್ಲಿ ಕುಸಿದರು. ಟೇಲರ್ ಹುಸೇನಭಾಯಿ ಅವರ ಎದೆ ಒತ್ತುತ್ತ, "ಲಗೂನ ಮಶೀನ್ ತರ್ರಿ" ಅಂದರು. ನಾವೆಲ್ಲ ಕಾಕಾನ ಹೆಂಡತಿಯ ಮುಖ ನೋಡಿದೆವು.

"ಪೂಜಾಕ್ಕ ಇಟ್ಟೈತಿ. ಅವರು ಬೈತಾರ" ಅಂದರು ಕಾಕೂ.

ನಾವು ದವಾಖಾನೆಗೆ ಒಯ್ಯಲು ಜೀಪು ಹುಡುಕುತ್ತ ಓಡಿದೆವು. ಸಿಗದೆ ತಿರುಗಿ ಬಂದಾಗ ಹುಸೇನಭಾಯಿಯೇ ಹೂ ಸರಿಸಿ ಯಂತ್ರ ಹಚ್ಚಿದ್ದರು. ಅದು ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಏನಂತೈತ್ರಿ?" ಕಾಕೂ ಕೇಳಿದರು.

"ಶಾಕ್ ಬ್ಯಾಡಂತ್ರಿ" ಅಂದೆ. ಹೃದಯ ಪೂರ್ತಿ ನಿಂತ ಮೇಲೆ ಅದು ಹಾಗೇ ಹೇಳುತ್ತದೆ.

"ಹಂಗಾರ ಆರಾಮಾದ್ರಲ್ಲ" ಎಂದು ಅವರು ಕೆಳಗೆ ಬಿದ್ದ ಹೂವನ್ನೆತ್ತಿ ಮತ್ತೆ ಯಂತ್ರದ ಮೇಲಿಟ್ಟರು.

ಇದನ್ನು ಬರೆಯುತ್ತಿರುವ ಸೈಬರ್ ಕೆಫೆಯ ಕಂಪ್ಯೂಟರಿಗೂ ಬೆಳಿಗ್ಗೆ ಪೂಜೆಯಾಗಿದೆ. ಮುಟ್ಟಬೇಡ ಎಂದು ಇಲ್ಲಿ ಯಾರೂ ಅನ್ನಲಿಲ್ಲ.