ಸೊಪ್ಪಿನಮ್ಮನ ಖಾಲಿ ಕ್ಯಾನು

ಬೆಳಿಗ್ಗೆ ಆರಕ್ಕೆ ಕಾವೇರಿ ನೀರು ಬಂತು. ಸಂಪು ತುಂಬಿಸಿಕೊಂಡೆ, ಮೋಟಾರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿದೆ. ಬಾಗಿಲು ತೊಳೆದು ರಂಗೋಲಿ ಇಟ್ಟೆ. ಎರಡು ಬಕೆಟ್ ಬಟ್ಟೆ ಒಗೆದೆ, ಆಸಿಡ್ ಹಾಕಿ ಬಚ್ಚಲು ಉಜ್ಜಿದೆ, ಮೊಮ್ಮಗಳ ತಲೆಗೆ ನೀರು ಹಾಕಿದೆ. ನೊರೆಯೆಲ್ಲ ಗೊಳಗೊಳ ಎಂದು ತೂತಿನಲ್ಲಿ ಇಳಿದು ಹೋಯಿತು. ಅಕ್ಕಿ ತೊಳೆಯುತ್ತಿದ್ದಾಗ ಗೇಟು ಸದ್ದಾಯಿತು. ನೋಡಿದರೆ ಸೊಪ್ಪಿನಮ್ಮನ ಸೊಸೆ. ಕೈಯಲ್ಲಿ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು.

"ಅತ್ತೆ ಹೋಗ್ಬಿಟ್ರು ಕಣಕ್ಕಾ. ಹದಿನೈದು ದಿನ ಆಯ್ತು. ಇದು ನಿಮ್ದು, ಕೊಟ್ಟು ಬಾ ಅಂದಿದ್ರು."

ಸೊಪ್ಪಿನಮ್ಮ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಆಕೆಯ ಕಾಲು. ಮೊಣಕಾಲಿಂದ ಗೇಣು ಕೆಳಗೆ ಒಂದು ಗೆರೆ. ಗೆರೆಯ ಮೇಲೆ ಎಲ್ಲರಂಥದೇ ಚರ್ಮ. ಕೆಳಗೆ ಕಪ್ಪಗೆ ಸುಕ್ಕುಗಟ್ಟಿ, ಬಿರಿದು, ಹಳೇ ಕಾಲುಚೀಲ ಹಾಕಿಕೊಂಡ ಹಾಗೆ. ಹೊಲಕ್ಕೆ ನೀರು ಕಟ್ಟುವಾಗ ನೀರು ನಿಲ್ಲುತ್ತಿದ್ದ ಮಟ್ಟ ಅದು. ಕೆಂಗೇರಿಯ ಆಚೆ ವೃಷಭಾವತಿಯ ದಡದಲ್ಲಿ ಆಕೆಗೆ ಅರ್ಧ ಎಕರೆ ಇತ್ತು. ರಾಜಾಜಿನಗರ, ಬಸವೇಶ್ವರನಗರ, ನಮ್ಮ ವಿಜಯನಗರ, ಎಲ್ಲರ ಬಚ್ಚಲೂ ಕಕ್ಕಸೂ ನಾಯಂಡಹಳ್ಳಿ ದಾಟಿಕೊಂಡು ಆ ಹೊಲದ ಪಕ್ಕವೇ ಹೋಗುತ್ತದೆ. ಅದನ್ನೇ ಪಂಪಿನಲ್ಲಿ ಎತ್ತಿ ಸೊಪ್ಪು ಬೆಳೆಯುತ್ತಿದ್ದರು. ಬೇರೆ ನೀರು ಎಲ್ಲಿತ್ತು?

ಮೊದಲ ಬಸ್ಸಿಗೆ ಹೊರಟು ಏಳೂವರೆಗೆ ನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸುತ್ತಿದ್ದಳು. ಯಾರಾದರೂ ದಂಟನ್ನು ಉಗುರಲ್ಲಿ ಚಿವುಟಿ ನೋಡಿದರೆ, "ನಿನ್ನ ಕೈ ಚಿವುಟಲಾ?" ಎನ್ನುತ್ತಿದ್ದಳು. ಹಬ್ಬದ ಮಾರನೇ ದಿನ ಬಂದರೆ ನಮ್ಮ ಬೀದಿಯ ಸುದ್ದಿಯನ್ನು ನಮಗೇ ಹೇಳುವಳು. "ನಿನ್ನೆ ಎಲ್ಲಾರೂ ಎಣ್ಣೆ ನೀರು ಹಾಕ್ಕಂಡವ್ರೆ ಅಲ್ವಾ ಅಕ್ಕಾ? ಹೊಳೆ ತುಂಬಾ ನೊರೆ. ಯಾರೋ ಒಳ್ಳೆ ಶಾಂಪು ತಂದವ್ರೆ, ಕೊತ್ತಂಬ್ರಿ ಮಡಿಯೆಲ್ಲಾ ಗಮ್ ಅಂತಿತ್ತು." ನಾನು ನಗುತ್ತಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಮೊಮ್ಮಗಳಿಗೆ ಅನ್ನ ತಿನ್ನಿಸಲು ಶುರುಮಾಡಿದ ಕಾಲ. ಸೊಪ್ಪು ಬೇಯಿಸಿ ಕೊಡಬೇಕು ಎಂದೆ. ಸೊಪ್ಪಿನಮ್ಮ ಬುಟ್ಟಿಯಲ್ಲಿದ್ದುದನ್ನು ಕೊಡಲಿಲ್ಲ. ಮಾರನೆಯ ದಿನ ಬಾಳೆನಾರಲ್ಲಿ ಕಟ್ಟಿದ ಸಣ್ಣ ಕಟ್ಟು ತಂದಳು. "ಇದು ಮನೆ ಬಾವಿ ನೀರಿಂದು. ಮಗೂಗೆ ಇದನ್ನೇ ಮಾಡು." ಮಿಕ್ಕವರಿಗೆ? ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಬಾಳೆನಾರಿನ ಕಟ್ಟು ಬರಲಿಲ್ಲ. "ಇನ್ಮೇಲೆ ಮಗೂಗೆ ಸೊಪ್ಪು ಬ್ಯಾಡ ಕಣಕ್ಕಾ. ಬಾವೀಲೂ ನೊರೆ ಬಂದದೆ." ಹಾಗೆಂದು ಸೆರಗಲ್ಲಿ ಮುಖ ಒರೆಸಿಕೊಂಡು, ಆರು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಏನನ್ನೋ ಕೇಳಿದಳು. "ಕುಡಿಯಕ್ಕೆ ಒಸಿ ನೀರು ಕೊಡ್ತೀಯಾ?"

ಅಂದಿನಿಂದ ಎರಡು ಎಣ್ಣೆ ಕ್ಯಾನುಗಳು ಓಡಾಡಿದವು. ಸೊಪ್ಪಿನ ಜೊತೆ ಖಾಲಿಯದು ಬರುತ್ತಿತ್ತು, ಖಾಲಿ ಬುಟ್ಟಿಯಲ್ಲಿ ತುಂಬಿದ್ದು ಹೋಗುತ್ತಿತ್ತು.

ಹೋದ ವರ್ಷ ಟೀವಿಯಲ್ಲಿ, ಆ ಹೊಳೆಯ ಸೊಪ್ಪಿನಲ್ಲಿ ವಿಷ ಎಂದು ತೋರಿಸಿದರು. ಮಾರನೆಯ ಬೆಳಿಗ್ಗೆ ಸೊಪ್ಪಿನಮ್ಮ ಬುಟ್ಟಿ ಇಳಿಸುವಷ್ಟರಲ್ಲಿ ಎದುರು ಮನೆಯಾಕೆ ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಗೇಟಿಗೆ ಬಂದರು.

"ಏನಮ್ಮಾ, ಇಷ್ಟು ದಿನ ಚರಂಡಿ ನೀರಿನ ಸೊಪ್ಪು ತಿನ್ಸಿದ್ಯಾ ನಮಗೆ? ಮನುಷ್ಯರಾ ನೀವು?"

"ಆ ನೀರು ನಮ್ಮೂರಲ್ಲಿ ಹುಟ್ಟಲ್ಲ ಕಣವ್ವಾ. ನಿಮ್ಮ ಬಚ್ಚಲಿಂದ್ಲೇ ಬರದು."

"ನಾವು ಟ್ಯಾಕ್ಸ್ ಕಟ್ತೀವಿ. ಅದೆಲ್ಲಾ ನಮಗೆ ಸಂಬಂಧ ಇಲ್ಲ."

"ನೀವು ಕಟ್ತೀರಿ. ನಾವು ಕುಡೀತೀವಿ."

ಹೀಗೆಂದು ಸೊಪ್ಪಿನಮ್ಮ ನನ್ನ ಕಡೆ ನೋಡಿದಳು. ತುಂಬಿದ ಕ್ಯಾನು ನನ್ನ ಕೈಯಲ್ಲೇ ಇತ್ತು. ಮಗುವಿಗೆ ಬೇರೆ ಸೊಪ್ಪು ತಂದುಕೊಟ್ಟಳು ಎನ್ನಬಹುದಿತ್ತು. ನಿಮ್ಮ ಕಕ್ಕಸು ಎಲ್ಲಿಗೆ ಹೋಗುತ್ತದೆ ಅಂದುಕೊಂಡಿದ್ದೀರಿ ಎಂದು ಕೇಳಬಹುದಿತ್ತು. "ಸ್ವಲ್ಪ ದಿನ ಬರಬೇಡಮ್ಮ" ಎಂದೆ. ಕ್ಯಾನು ಹಿಡಿದುಕೊಂಡೇ ಒಳಗೆ ಬಂದೆ. ಆಕೆ ಖಾಲಿಯದನ್ನೇ ಬುಟ್ಟಿಗಿಟ್ಟುಕೊಂಡು ಹೋದಳು. ಎದುರು ಮನೆಯಾಕೆಯ ಮೇಲಿನ ಸಿಟ್ಟು ಎಷ್ಟೇ ಇರಲಿ, ಆ ಹತ್ತು ಹೆಜ್ಜೆ ಒಳಗೆ ಬಂದ ನನ್ನ ಮೇಲೆ ಇರುವಷ್ಟಿಲ್ಲ.

"ಏನಾಗಿತ್ತು?" ಎಂದು ಗೇಟಲ್ಲಿ ನಿಂತಿದ್ದ ಆಕೆಯ ಸೊಸೆಯನ್ನು ಕೇಳಿದೆ.

"ಹೊಟ್ಟೆ ನೋವು. ಆಸ್ಪತ್ರೇಲಿ ನೀರು ಕಾಯಿಸ್ಕೊಂಡು ಕುಡೀರಿ ಅಂದ್ರು. ಕಾಯಿಸುದ್ರೆ ನೊರೆ ಇನ್ನೂ ಚೆಂದಾಗಿ ಉಕ್ತದೆ ಅಂತ ಅತ್ತೆ ನಗೋರು."

"ಸೊಪ್ಪು ಬಿಟ್ರಾ?"

"ಎಲ್ಲಿ ಬಿಡದು ಅಕ್ಕಾ. ಈಗ ಹೊಲಕ್ಕೇ ಗಾಡಿ ಬತ್ತದೆ. ಕವರಿಗೆ ಹಾಕಿ ದೊಡ್ಡ ಅಂಗಡೀಲಿ ಇಡ್ತಾರಂತೆ, ಏಸಿ ಒಳಗೆ."

ಎದುರು ಮನೆಯಾಕೆ ಈಗ ಸೊಪ್ಪು ತರುವುದು ಅಂಥ ಅಂಗಡಿಯಿಂದಲೇ. ನಾನೂ ಅಷ್ಟೆ. ಫ್ರಿಜ್ಜಿನಲ್ಲಿ ಒಂದು ಕವರು ಇತ್ತು.

ಕ್ಯಾನು ತೊಳೆದು ತುಂಬಿಸಿ ಕೊಟ್ಟೆ. ಸೊಸೆ ಬೇಡ ಅನ್ನಲಿಲ್ಲ. ಸೊಂಟಕ್ಕೆ ಏರಿಸಿಕೊಂಡು ಹೋದಳು. ಎದುರು ಮನೆಯಾಕೆ ಬಾಲ್ಕನಿಯಿಂದ ನೋಡುತ್ತಿದ್ದರು. ನೋಡಲಿ ಎಂದು ಗೇಟಿನ ಹೊರಗೇ ನಿಂತಿದ್ದೆ.

ರಾತ್ರಿ ಮುದ್ದೆ, ಕವರಿನ ದಂಟಿನ ಸೊಪ್ಪಿನ ಸಾರು. "ಸೊಪ್ಪು ಚೆನ್ನಾಗಿದೆ, ಎಲ್ಲಿದು?" ಎಂದರು ನಮ್ಮೆಜಮಾನರು. "ನಮ್ಮ ಬಚ್ಚಲದು" ಎಂದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡರು. ಮೊಮ್ಮಗಳಿಗೆ ಮಾತ್ರ ಸಾರು ಹಾಕಲಿಲ್ಲ, ಮೊಸರನ್ನ ಕಲೆಸಿ ಕೊಟ್ಟೆ.