ತೂಬಿನ ಸಿದ್ದಣ್ಣನ ಕಿವಿ

ಹಕ್ಕಿಯ ಕೂಗು ಕೇಳುವಾಗ ಸಿದ್ದಣ್ಣ ಬಾಯಿ ತೆರೆದುಕೊಂಡಿರುತ್ತಿದ್ದ. ಬಾಯಿ ಮುಚ್ಚಿದರೆ ಕಿವಿಯೂ ಅರ್ಧ ಮುಚ್ಚುತ್ತದೆ ಎಂಬುದು ಅವನ ವಾದ. ಕ್ಯಾತನಹಳ್ಳಿಯಾಚೆ ನಾಲೆಯ ತೂಬಿನ ಕಟ್ಟೆ ಮೇಲೆ, ಟವೆಲ್ಲನ್ನು ತೊಡೆಗೆ ಹಾಕಿಕೊಂಡು, ಎಡಗಿವಿಯನ್ನು ಗದ್ದೆ ಬಯಲಿಗೆ ಕೊಟ್ಟು ಕೂತ ಅವನನ್ನು ಮೊದಲ ಸಲ ಕಂಡಾಗ, ಪಾಪ, ಯಾರೋ ಅರುಳುಮರುಳಿನ ಮುದುಕ ಅಂದುಕೊಂಡು ಬೈಕು ನಿಲ್ಲಿಸಿದ್ದೆ. ದಾರಿ ತಪ್ಪಿತಾ ಯಜಮಾನ್ರೇ ಎಂದು ಕೇಳಿದ್ದಕ್ಕೆ, ಗಾಡಿ ಆಫ್ ಮಾಡು ಎಂದು ಕೈಸನ್ನೆ ಮಾಡಿದ. ಆಫ್ ಮಾಡಿದೆ. ಆ ದಿನದಿಂದ ಆರು ವರ್ಷ ಅವನ ಹಿಂದೆ ಬಿದ್ದೆ.

ಸಿದ್ದಣ್ಣ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು ಎಂದು ನೋಡಿಕೊಳ್ಳುವುದರಲ್ಲೇ ಅವನ ಆಯುಷ್ಯ ಕಳೆದಿತ್ತು. ಕಣ್ಣು ಪೂರ್ತಿ ಹೋದ ಮೇಲೆ ಆ ಕೆಲಸ ತಮ್ಮನ ಮಗನ ಪಾಲಾಯಿತು. ಆದರೂ ಬೆಳಗಾದರೆ ಕೋಲು ಹಿಡಿದು ತೂಬಿಗೆ ಬರುವುದನ್ನು ಸಿದ್ದಣ್ಣ ಬಿಡಲಿಲ್ಲ.

ಅವನ ಲೆಕ್ಕದಲ್ಲಿ ಒಂದೊಂದು ಹಕ್ಕಿಗೂ ಒಂದೊಂದು ಮಾತು. ಟಿಟ್ಟಿಭ ದಾರಿಹೋಕರನ್ನೆಲ್ಲ ತಡೆದು 'ನೀ ಯಾರ್ಲಾ, ನೀ ಯಾರ್ಲಾ' ಎಂದು ವಿಚಾರಿಸುತ್ತದೆ. ಕೆಂಬೂತ ಬೇಲಿಯೊಳಗೆ ಕೂತು, ಕತೆ ಕೇಳುವ ಹಿರಿಯನ ಹಾಗೆ 'ಹೂಂ, ಹೂಂ' ಅನ್ನುತ್ತದೆ. ಗೌಜಲಕ್ಕಿ ಮಾತ್ರ ಬೋರೆಯ ಮೇಲಿಂದ 'ತಗಂಬಾ, ತಗಂಬಾ' ಎಂದು ಊರಿಗೆಲ್ಲ ಕೇಳುವಂತೆ ಜಬರ್ದಸ್ತಿನಿಂದ ಕೆಲಸ ಹೇಳುತ್ತದೆ. ಆ ಬೋರೆಯನ್ನು ಜೆಸಿಬಿ ತಂದು ಮಟ್ಟ ಮಾಡಿ ಕಬ್ಬು ಹಾಕಿದ ಮೇಲೆ ಗೌಜಲಕ್ಕಿಯ ದನಿ ಅಡಗಿತ್ತು. ಕಣ್ಣು ಹೋದದ್ದಕ್ಕಿಂತ ಅದರ ವ್ಯಥೆಯೇ ಅವನಿಗೆ ಹೆಚ್ಚು ಇದ್ದ ಹಾಗೆ ಕಾಣುತ್ತಿತ್ತು.

ನನ್ನದು ಪಾಂಡವಪುರದಲ್ಲಿ ಫೋಟೋ ಸ್ಟುಡಿಯೋ. ಮದುವೆ ಮನೆಗಳಲ್ಲಿ ದುಡಿದು ಮೊಳದುದ್ದದ ಲೆನ್ಸು ಕೊಂಡು, ಬಿಡುವಿನಲ್ಲಿ ಹಕ್ಕಿಗಳ ಬೆನ್ನು ಹತ್ತಿದವನು ನಾನು. ಸಿದ್ದಣ್ಣನಿಗೆ ನನ್ನ ಹೆಸರು ಬೇಕಾಗಿರಲಿಲ್ಲ, ಪಟದವನು ಅಂದರೆ ಸಾಕಾಗಿತ್ತು. ಒಮ್ಮೆ ನಾನು ಮಿಂಚುಳ್ಳಿಯ ಫೋಟೋಕ್ಕೆ ಪರದಾಡುತ್ತಿದ್ದಾಗ, ಟಿಟ್ಟಿಭಗಳು ಇದ್ದಕ್ಕಿದ್ದಂತೆ ಕಿರುಚಿಕೊಂಡವು. ಬದುವಿನ ಮೇಲೆ ಮುಂಗುಸಿ ಬರುತ್ತಿದೆ ನೋಡು ಎಂದ. ಬೀಡಿ ಹಚ್ಚುವಷ್ಟರಲ್ಲಿ ಮುಂಗುಸಿ ನಮ್ಮೆದುರೇ ದಾಟಿ ಹೋಯಿತು. ನಾನು ಬೆರಗಾಗಿ ನಿಂತಿದ್ದಕ್ಕೆ ನಕ್ಕು, "ಪಟ ಆಮೇಲೆ ತೆಗಿವಂತೆ. ಮೊದ್ಲು ಕೇಳುಸ್ಕಳದು ಕಲಿಲಾ" ಎಂದ.

ಕಲಿತೆ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂತರೆ ಖಾಲಿ ಅಂದುಕೊಂಡಿದ್ದ ಬಯಲು ತುಂಬಿಕೊಳ್ಳುವ ಸುಖವನ್ನು ನನಗೆ ತೋರಿಸಿದವನು ಅವನು. ಅದಕ್ಕೆ ನಾನು ಏನು ಕೊಟ್ಟೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಹಕ್ಕಿಯನ್ನು ಪೊದೆಯಿಂದ ಹೊರಗೆ ಬರಿಸಲು ಅದರದೇ ಕೂಗನ್ನು ಫೋನಿನಲ್ಲಿ ಹಾಕುವ ಕೆಟ್ಟ ಚಾಳಿ ನನಗಿತ್ತು. ಅದಕ್ಕೆಂದೇ ಹಿಡಿಗಾತ್ರದ ಕರಿ ಸ್ಪೀಕರು ಒಂದು ಚೀಲದಲ್ಲಿರುತ್ತಿತ್ತು. ಮೈಸೂರಿನಿಂದ ಇಬ್ಬರು ಕ್ಯಾಮೆರಾ ಗೆಳೆಯರು ಬಂದಾಗ ಸಿದ್ದಣ್ಣನ ಕಿವಿಯನ್ನು ಬಾಯಿತುಂಬ ಹೊಗಳಿದೆ. ಅವರು ನಂಬಲಿಲ್ಲ, ಪರೀಕ್ಷೆ ಮಾಡೋಣ ಎಂದರು. ನನಗೂ ಉಮೇದು ಬಂತು. ಸದ್ದಾಗದಂತೆ ಬೇಲಿಯೊಳಗೆ ಸ್ಪೀಕರು ಇಟ್ಟು ಬಂದು ಗೌಜಲಕ್ಕಿಯ ಕೂಗು ಹಾಕಿದೆ. ಅವನು ಥಟ್ಟನೆ ಪತ್ತೆ ಹಚ್ಚಿ ನನ್ನನ್ನು ಬೈಯುತ್ತಾನೆ, ಗೆಳೆಯರೆದುರು ನಾನು ಗೆಲ್ಲುತ್ತೇನೆ ಎಂದೇ ನಂಬಿದ್ದೆ.

ಸಿದ್ದಣ್ಣ ಎದ್ದು ನಿಂತ. ತೊಡೆಯ ಟವೆಲ್ಲು ನಾಲೆಗೆ ಬಿದ್ದು ತೇಲಿಹೋದದ್ದೂ ತಿಳಿಯಲಿಲ್ಲ. ಬಾಯಿ ತೆರೆದಿತ್ತು, ಮುಖದಲ್ಲಿ ನಗು ಹರಡುತ್ತಿತ್ತು.

"ಬಂದ್ಬುಡ್ತು ಕಣ್ಲಾ" ಎಂದ, ಎಲ್ಲಿ ಹಾರಿಹೋಗುತ್ತದೋ ಎಂಬಂತೆ ಪಿಸುದನಿಯಲ್ಲಿ.

ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನು ನಗಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿ ಆ ಮುಖವನ್ನು ಹಿಡಿದೆ. ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಸಂಜೆಯೊಳಗೆ ಅವನು ಟೀ ಅಂಗಡಿಯಲ್ಲೂ ಹಾಲಿನ ಡೈರಿಯಲ್ಲೂ ಗೌಜಲಕ್ಕಿ ಬಂದ ಸುದ್ದಿ ಸಾರಿ ಆಗಿತ್ತು.

ಮುಂದೆ ಎರಡು ತಿಂಗಳು, ನಾನು ಹೋದಾಗಲೆಲ್ಲ ಅವನದು ಒಂದೇ ಪ್ರಶ್ನೆ, ಇವತ್ತೇನಾದರೂ ಕೇಳಿಸಿತೇ ಎಂದು. ಇಲ್ಲ, ಇಲ್ಲ ಎಂದು ಹೇಳಿ ಹೇಳಿ ಸಾಕಾಗಿ ಒಂದು ದಿನ, ಈಗತಾನೇ ಕಬ್ಬಿನಾಚೆ ಕೂಗಿತಲ್ಲ, ಕೇಳಲಿಲ್ಲವಾ ಎಂದುಬಿಟ್ಟೆ. ಅವನಿಗೆ ಸಮಾಧಾನವಾಗಲಿ ಎಂದಲ್ಲ, ಆ ಪ್ರಶ್ನೆಯಿಂದ ತಪ್ಪಿಸಿಕೊಂಡರೆ ಸಾಕು ಎಂದು.

ಸಿದ್ದಣ್ಣ ಬಾಯಿ ತೆರೆದು, ಎಡಗಿವಿ ಕೊಟ್ಟು, ಬಹಳ ಹೊತ್ತು ಕೂತ.

"ನಂಗೇನೂ ಕೇಳುಸ್ನಿಲ್ಲ ಕಣ್ಲಾ" ಎಂದ. ಆಮೇಲೆ, "ಕಣ್ಣಾಯ್ತು. ಈಗ ಕಿವಿ" ಎಂದ.

ಅಲ್ಲಿಂದಾಚೆ ಅವನು ಬೇರೆಯೇ ಮನುಷ್ಯನಾದ. ಬೇಲಿಯಲ್ಲಿ ಕೆಂಬೂತ ಕೂಗಿದರೂ, ಅದು ಕೆಂಬೂತ ತಾನೇ ಎಂದು ಪಕ್ಕದವರನ್ನು ಕೇಳುವನು. ಬರಬರುತ್ತಾ ತೂಬಿಗೆ ಬರುವುದನ್ನೇ ನಿಲ್ಲಿಸಿದ. ಕಿವಿ ನೆಟ್ಟಗಿದೆ ಸಿದ್ದಣ್ಣ, ಸುಳ್ಳು ಹೇಳಿದವನು ನಾನು ಎಂಬ ಒಂದು ಮಾತು ಸಾಕಿತ್ತು.

ಕಡೆಯ ಸಲ ಅವನನ್ನು ಕಂಡದ್ದು ಮನೆಯ ಜಗಲಿ ಮೇಲೆ. ಎದುರಿನ ಬೇವಿನ ಮರದಲ್ಲಿ ಕುಟುರ ಹಕ್ಕಿ ಬಿಡದೆ ಕೂಗುತ್ತಿತ್ತು. ಯಾವುದದು ಎಂದು ಪರೀಕ್ಷಿಸುವವನಂತೆ ಕೇಳಿದೆ.

"ನೀನೇ ಏಳ್ಲಾ. ನನ್ ಕಿವಿ ನಂಬಂಗಿಲ್ಲ" ಎಂದ.

ಹೇಳಿಬಿಡಬೇಕೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವನ ಹೆಂಡತಿ ಚಿಕ್ಕತಾಯಮ್ಮ ಮಜ್ಜಿಗೆ ತಂದರು. ಕುಡಿದೆ, ಚೆನ್ನಾಗಿದೆ ಎಂದೆ, ಬೈಕು ಹತ್ತಿ ಬಂದೆ. ನನ್ನ ಧೈರ್ಯ ಒಂದು ಲೋಟ ಮಜ್ಜಿಗೆಯಷ್ಟೂ ಇರಲಿಲ್ಲ.

ಈ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ಸಿದ್ದಣ್ಣ ತೀರಿಕೊಂಡ. ತಿಥಿಗೆ ದೊಡ್ಡ ಪಟ ಬೇಕೆಂದು ಚಿಕ್ಕತಾಯಮ್ಮ ಹೇಳಿ ಕಳಿಸಿದರು. ನಗುತ್ತಿರುವ ಪಟ ಹುಡುಕಿದರೆ ನನ್ನ ಬಳಿ ಇದ್ದದ್ದು ಅದೊಂದೇ. ಕಟ್ಟು ಹಾಕಿಸಿ ಒಯ್ದೆ. ಅವರು ಗಾಜನ್ನು ಸೆರಗಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡು ನೋಡಿದರು.

"ಬೇಲಿ ಒಳ್ಗೆ ಕರೀ ಡಬ್ಬಿ ಮಡಗಿದ್ದಲ್ಲ, ಆವತ್ತಿಂದು ಅಲ್ವಾ ಇದು?" ಎಂದರು. "ನಾನು ಬದಿನ್ ಆಚೆ ಹುಲ್ಲು ಕುಯ್ತಿದ್ದೆ. ಅಷ್ಟೊಂದು ಖುಷಿಯಾಗವ್ರಲ್ಲ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ಕಾದೆ."

ಬೇರೆ ಪಟ ತರುತ್ತೇನಮ್ಮ ಎಂದು ತೊದಲಿದೆ. ಅವರು ಪಟವನ್ನು ಮಡಿಲಿಂದ ಎತ್ತಲಿಲ್ಲ.

"ಇರ್ಲಿ ಬುಡು. ಕಿವಿ ವೋಯ್ತು ಅಂತ ಕೊರಗೋಕೆ ಸುರು ಮಾಡುದ್ರಲ್ಲ, ಆಗ ಏಳ್ದೆ ಕಣಪ್ಪ, ಅದು ಡಬ್ಬಿ ಅಂತ. ನಂಬ್ನೇ ಇಲ್ಲ. ಪಟದವ್ನು ಅಂಗೆಲ್ಲ ಮಾಡೋನಲ್ಲ, ನನ್ ಕಿವೀನೇ ವೋಗ್ಬುಟ್ಟದೆ ಅಂದ್ರು."

ಗೋಡೆಗೆ ಮೊಳೆ ಹೊಡೆದು ಪಟ ತೂಗುಹಾಕಿ ಬಂದವನೂ ನಾನೇ. ಬಾಯಿ ತೆರೆದು, ಎಡಗಿವಿ ಕೊಟ್ಟು, ನಗುತ್ತಾ ನನ್ನ ಡಬ್ಬಿಯನ್ನೇ ಕೇಳುತ್ತಿದ್ದಾನೆ ಸಿದ್ದಣ್ಣ, ಇನ್ನೂ.