ಬಣ್ಣ ಹಿಡಿಯದ ನಾಳ

ಜೆನೀವ್ ಪಾವ್ಲಾಕ್ ಮೂವತ್ತೊಂದು ವರ್ಷ ಅಮೆರಿಕದ ಬಫಲೋ ಊರಿನ ನಮ್ಮ ಆಸ್ಪತ್ರೆ ಲ್ಯಾಬಿನಲ್ಲಿ ಗಡ್ಡೆಗಳ ಚೂರಿಗೆ ಬಣ್ಣ ಹಾಕಿದವಳು. ಪಕ್ಕದ ಮೇಜು ನನ್ನದು. "ಚೂರು ಕತ್ತರಿಸ್ತಿದೀಯೋ, ಬ್ರೆಡ್ಡು ಕೊಯ್ತಿದೀಯೋ?" ಅಂತ ದಿನಕ್ಕೊಂದು ಸಲ ನನ್ನನ್ನು ಚುಚ್ಚದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಅವಳ ಕೆಲಸ ಮಾತ್ರ, ಅಬ್ಬಾ, ಕಣ್ಣಿಗೊತ್ತಿಕೊಳ್ಳಬೇಕು!

ಅನೇಕ ಸ್ತನ ಕ್ಯಾನ್ಸರ್‌ಗಳ ಕೋಶದಲ್ಲಿ ರಿಸೆಪ್ಟರ್ ಅನ್ನೋ ಪ್ರೋಟೀನು ಇರುತ್ತದೆ. ಈಸ್ಟ್ರೋಜನ್ ಹಾರ್ಮೋನು ಬಂದು ಅದಕ್ಕೆ ಅಂಟಿಕೊಂಡರೆ ಕೋಶಕ್ಕೆ 'ಇಬ್ಭಾಗವಾಗು' ಅಂತ ಅಪ್ಪಣೆ. ಗಡ್ಡೆ ಬೆಳೆಯೋದೇ ಆ ಅಪ್ಪಣೆಯಿಂದ. ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ ಬಣ್ಣ ಹಾಕಿದಾಗ, ರಿಸೆಪ್ಟರ್ ಇದ್ದರೆ ಗಾಜಿನ ಮೇಲೆ ಕಂದು ಬಣ್ಣ ಏಳುತ್ತದೆ, ಆ ಅಪ್ಪಣೆ ತಡೆಯುವ ಮಾತ್ರೆ ಕೊಡಬಹುದು. ಬರೀ ನೀಲಿ ಉಳಿದರೆ ಮಾತ್ರೆ ದಂಡ.

ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ವಾರ. ಮೂವತ್ತೆಂಟರ ಹೆಂಗಸೊಬ್ಬಳ ಗಾಜು ಪೂರ್ತಿ ನೀಲಿ. ಮಾತ್ರೆ ಬೇಡ, ಸೋಮವಾರದಿಂದ ಕೀಮೋ ಅಂತ ತೀರ್ಮಾನವಾಗಲಿತ್ತು. ನಮ್ಮ ಲ್ಯಾಬಿನ ಡಾಕ್ಟರ್ ಹ್ಯಾಸ್ಕೆಲ್ ವರದಿಗೆ ಸಹಿ ಹಾಕಲು ಕೂತಿದ್ದರು.

"ಡಾಕ್ಟ್ರೇ, ತಡೀರಿ," ಅಂದಳು ಜೆನೀವ್.

"ಯಾಕಮ್ಮ? ರಿಸೆಪ್ಟರ್ ಇದೆ ಅಂತ ಗೊತ್ತಿದ್ದು ಮೂಲೇಲಿ ನಾವೇ ಅಂಟಿಸಿದ ಪರೀಕ್ಷೆ ಚೂರು ಕಂದಾಗಿದೆ. ಬಣ್ಣ ಸರಿಯಾಗೇ ಇದೆಯಲ್ಲ?"

"ಬಣ್ಣ ಸರಿ ಇದೆ. ಅವಳ ಚೂರು ಸರಿ ಇಲ್ಲ. ಅಂಚಲ್ಲಿರೋ ಹಾಲಿನ ನಾಳ ನೋಡಿ, ಅದಕ್ಕೆ ಕ್ಯಾನ್ಸರ್ ತಗುಲಿಲ್ಲ. ಚೆನ್ನಾಗಿರೋ ನಾಳದಲ್ಲೂ ರಿಸೆಪ್ಟರ್ ಇರುತ್ತೆ, ನಾಲ್ಕು ಕೋಶನಾದ್ರೂ ಕಂದಾಗ್ಬೇಕಿತ್ತು. ಅದೂ ನೀಲಿ! ಇರಲೇಬೇಕಾದ ಕಡೆನೇ ಕಾಣ್ತಿಲ್ಲ ಅಂದ್ಮೇಲೆ, ಗಡ್ಡೇಲಿ ಇಲ್ಲ ಅಂತ ಯಾವ ಬಾಯಲ್ಲಿ ಬರೀತೀರಿ?"

ಬಾಯಲ್ಲಿ ಯಾರೂ ಬರೆಯೋದಿಲ್ಲ ಅಂತ ನಾನು ಕಿಸಕ್ಕೆಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನೆಟ್ಟಗೆ ಆ ಚೂರು ಕಳಿಸಿದ ಕ್ಲಿನಿಕ್ಕಿಗೆ ಫೋನು ಹಚ್ಚಿದಳು. ಹಿಂದಿನ ವಾರದ ಬುಧವಾರ, ರಜೆಗೆ ಹೊರಡುವ ಗಡಿಬಿಡಿಯಲ್ಲಿ, ಬೆಳಿಗ್ಗೆ ತೆಗೆದ ಚೂರನ್ನು ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕದೆ ಸಂಜೆವರೆಗೆ ಉಪ್ಪುನೀರಿನಲ್ಲೇ ಬಿಟ್ಟಿದ್ದರಂತೆ. ಅಷ್ಟು ಹೊತ್ತಿಗೆ ಪ್ರೋಟೀನು ಕೆಟ್ಟು ಕೂತಿತ್ತು.

ಅದೇ ಹೆಂಗಸಿನ ಕಂಕುಳ ಗಂಟಿಗೂ ಕ್ಯಾನ್ಸರ್ ಹರಡಿತ್ತು. ಅದರ ಚೂರನ್ನು ರಜೆ ಮುಗಿದ ಮೇಲೆ, ಮಂಗಳವಾರ, ನಮ್ಮ ಆಸ್ಪತ್ರೆಯಲ್ಲೇ ತೆಗೆದಿದ್ದರು, ಕೂಡಲೇ ಫಾರ್ಮಲಿನ್‌ಗೆ ಹಾಕಿದ್ದರು. ಜೆನೀವ್ ಅದಕ್ಕೆ ಬಣ್ಣ ಹಾಕಿದಳು. ಮಧ್ಯಾಹ್ನ ಗಾಜು ಹೊರಗೆ ಬಂತು: ಹತ್ತರಲ್ಲಿ ಒಂಬತ್ತು ಕೋಶ ಕಂದು!

ಹ್ಯಾಸ್ಕೆಲ್ ಆಗಲೇ ಕ್ಯಾನ್ಸರ್ ವೈದ್ಯರಿಗೆ ಫೋನು ಮಾಡಿ ಸೋಮವಾರದ ಕೀಮೋ ನಿಲ್ಲಿಸಿದರು. "ನೀನಿಲ್ದೇ ಇದ್ರೆ ನನ್ನ ಗತಿ ಏನಮ್ಮ?" ಅಂದರು.

"ಹೊಗಳಿಕೆ ಆಮೇಲೆ. ಆ ಬುಧವಾರ ಅದೇ ಕ್ಲಿನಿಕ್ಕಿಂದ ಇನ್ನೊಬ್ಬಳ ಚೂರೂ ಬಂದಿತ್ತು, ಡಾಕ್ಟ್ರೇ. ರಿಸೆಪ್ಟರ್ ಇಲ್ಲ ಅಂತ ನಿನ್ನೆನೇ ವರದಿ ಹೋಗಿದೆ."

ಹ್ಯಾಸ್ಕೆಲ್ ಮತ್ತೆ ಫೋನು ಎತ್ತಿಕೊಂಡರು. ಆ ಇನ್ನೊಬ್ಬಳ ಗಾಜನ್ನು ನೋಡಿ, ನಾಳದ ಕಡೆ ಕಣ್ಣೂ ಹಾಯಿಸದೆ, ಎಲ್ಲ ಸರಿಯಿದೆ ಅಂತ ಹಿಂದಿನ ದಿನ ಅವರ ಕೈಗೆ ಕೊಟ್ಟವನು ನಾನು.